ವಾಲ್ರಸ್ ಮತ್ತು ಬಡಗಿ (ಪದ್ಯ)

'''ವಾಲ್ರಸ್ ಮತ್ತು ಬಡಗಿ''' (ಮೂಲ ಹೆಸರು: '''ದಿ ವಾಲ್ರಸ್ ಅಂಡ್ ದಿ ಕಾರ್ಪೆಂಟರ್''') ಇಂಗ್ಲಿಷ್ ಲೇಖಕ ಲೂಯಿಸ್ ಕ್ಯಾರಲ್ ಅವರು ರಚಿಸಿದ ಹಾಸ್ಯಮಯ ಕಥನ ಪದ್ಯ. ಇದು 1871ರ ಡಿಸೆಂಬರ್ ತಿಂಗಳಲ್ಲಿ ಪ್ರಕಟವಾದ ''ಥ್ರೂ ದಿ ಲುಕಿಂಗ್ ಗ್ಲಾಸ್'' ಎಂಬ ಮಕ್ಕಳ ಕಾದಂಬರಿಯ ನಾಲ್ಕನೆಯ ಅಧ್ಯಾಯದಲ್ಲಿ ಬರುತ್ತದೆ. ಕಡಲ ತೀರದಲ್ಲಿ ನಡೆದು ಹೋಗುತ್ತಿರುವ ಒಂದು ವಾಲ್ರಸ್ ಮತ್ತು ಒಬ್ಬ ಬಡಗಿ ಸೇರಿ, ಎಳೆಯ ಸಿಂಪಿಗಳನ್ನು ವಿಹಾರಕ್ಕೆಂದು ಕರೆದೊಯ್ದು, ಕೊನೆಗೆ ಅವುಗಳನ್ನೆಲ್ಲ ತಿಂದು ಮುಗಿಸುವುದು ಈ ಪದ್ಯದ ಕಥೆ. ಇಂಗ್ಲಿಷ್ ಭಾಷೆಯ ಅಸಂಬದ್ಧ ಪದ್ಯಗಳಲ್ಲಿ, ಅಂದರೆ ಅರ್ಥದ ನಿಯಮಗಳನ್ನು ಬೇಕೆಂದೇ ತಲೆಕೆಳಗು ಮಾಡಿ ನಗಿಸುವ ಪದ್ಯಗಳಲ್ಲಿ, ಇದು ಅತ್ಯಂತ ಪ್ರಸಿದ್ಧವಾದವುಗಳಲ್ಲಿ ಒಂದು. ನಗೆಯ ಜೊತೆಗೆ ನಂಬಿಕೆ, ವಂಚನೆ ಮತ್ತು ಹುಸಿ ಕನಿಕರದ ಕುರಿತು ಇದು ಎತ್ತುವ ಪ್ರಶ್ನೆಯೂ ಓದುಗರನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ.

== ಹಿನ್ನೆಲೆ ==

ಲೂಯಿಸ್ ಕ್ಯಾರಲ್ ಎಂಬುದು ಚಾರ್ಲ್ಸ್ ಲಟ್‌ವಿಜ್ ಡಾಡ್ಸನ್ (1832–1898) ಅವರ ಕಾವ್ಯನಾಮ. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಡೇರ್ಸ್‌ಬರಿಯಲ್ಲಿ ಜನಿಸಿದ ಡಾಡ್ಸನ್ ಅವರು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. ತರ್ಕಶಾಸ್ತ್ರ, ಒಗಟು, ಪದಗಳ ಆಟ ಮತ್ತು ಛಾಯಾಗ್ರಹಣಗಳಲ್ಲಿ ಅವರಿಗೆ ವಿಶೇಷ ಆಸಕ್ತಿಯಿತ್ತು. 1865ರಲ್ಲಿ ಪ್ರಕಟವಾದ ''ಆಲಿಸ್ ಇನ್ ವಂಡರ್‌ಲ್ಯಾಂಡ್'' ಅವರಿಗೆ ದೊಡ್ಡ ಹೆಸರನ್ನು ತಂದಿತು. ಅದರ ಮುಂದುವರಿಕೆಯೇ ''ಥ್ರೂ ದಿ ಲುಕಿಂಗ್ ಗ್ಲಾಸ್''. ಈ ಎರಡನೆಯ ಪುಸ್ತಕದ ಮುಖಪುಟದಲ್ಲಿ 1872 ಎಂದು ನಮೂದಾಗಿದ್ದರೂ ಅದು ಹಿಂದಿನ ವರ್ಷದ ಕೊನೆಯಲ್ಲಿಯೇ ಓದುಗರ ಕೈ ಸೇರಿತ್ತು. ಎರಡೂ ಪುಸ್ತಕಗಳನ್ನು ಮ್ಯಾಕ್‌ಮಿಲನ್ ಸಂಸ್ಥೆ ಪ್ರಕಟಿಸಿತು.

ಎರಡನೆಯ ಪುಸ್ತಕದಲ್ಲಿ ಆಲಿಸ್ ಎಂಬ ಬಾಲಕಿ ಕನ್ನಡಿಯ ಆಚೆಗಿನ ಲೋಕವನ್ನು ಪ್ರವೇಶಿಸುತ್ತಾಳೆ. ಅಲ್ಲಿನ ಭೂಪ್ರದೇಶ ಚದುರಂಗದ ಹಾಸಿನಂತೆ ಚೌಕಗಳಾಗಿ ವಿಂಗಡವಾಗಿರುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಅವಳಿಗೆ ಟ್ವೀಡಲ್‌ಡಮ್ ಮತ್ತು ಟ್ವೀಡಲ್‌ಡೀ ಎಂಬ ಒಂದೇ ರೂಪದ ಇಬ್ಬರು ದಪ್ಪನೆಯ ಸೋದರರು ಎದುರಾಗುತ್ತಾರೆ. ಕಾಡಿನಿಂದ ಹೊರಹೋಗುವ ದಾರಿ ಯಾವುದೆಂದು ಆಲಿಸ್ ಕೇಳುತ್ತಾಳೆ. ಸೋದರರು ಅದಕ್ಕೆ ಉತ್ತರಿಸದೆ ಅವಳಿಗೆ ಪದ್ಯವೊಂದನ್ನು ಹೇಳಿ ತೋರಿಸಲು ತೊಡಗುತ್ತಾರೆ. ತಮಗೆ ತಿಳಿದಿರುವುದರಲ್ಲಿ ಅತಿ ಉದ್ದನೆಯದು ಎಂಬ ಕಾರಣಕ್ಕೆ ಅವರು ಆರಿಸಿಕೊಳ್ಳುವ ಪದ್ಯವೇ ಇದು. ಪದ್ಯ ಬಹಳ ಉದ್ದವಿದ್ದರೆ ಮೊದಲು ದಾರಿಯನ್ನು ಹೇಳಬಹುದೇ ಎಂದು ಆಲಿಸ್ ವಿನಯದಿಂದ ಕೇಳಲು ಯತ್ನಿಸಿದರೂ ಟ್ವೀಡಲ್‌ಡೀ ಅದನ್ನು ಕಿವಿಗೆ ಹಾಕಿಕೊಳ್ಳದೆ ಪಠಣ ಆರಂಭಿಸುತ್ತಾನೆ. ಹೀಗೆ ಕೇಳುಗಳ ಇಚ್ಛೆಯನ್ನು ಲೆಕ್ಕಿಸದ ಒಂದು ಸತ್ಕಾರದಿಂದಲೇ ಪದ್ಯ ಶುರುವಾಗುತ್ತದೆ. ಪದ್ಯದೊಳಗಿನ ಕಥೆಯೂ ಅಂಥದ್ದೇ ಒಂದು ಸತ್ಕಾರವನ್ನು ಕುರಿತದ್ದು.

== ಕಥಾಸಾರ ==

ಪದ್ಯದ ಆರಂಭದಲ್ಲಿ ಕಡಲ ಮೇಲೆ ಸೂರ್ಯ ತನ್ನ ಶಕ್ತಿಯನ್ನೆಲ್ಲ ಹಾಕಿ ಬೆಳಗುತ್ತಿರುತ್ತಾನೆ. ಆದರೆ ಅದು ನಡುರಾತ್ರಿ. ಹಗಲು ಮುಗಿದ ಮೇಲೂ ಸೂರ್ಯನಿಗೆ ಇಲ್ಲೇನು ಕೆಲಸ ಎಂದು ಚಂದ್ರ ಮುಖ ಊದಿಸಿಕೊಂಡಿರುತ್ತಾನೆ. ಕಡಲು ಒದ್ದೆಯಾಗಿದೆ, ಮರಳು ಒಣಗಿದೆ, ಮೋಡವಿಲ್ಲದ್ದರಿಂದ ಮೋಡ ಕಾಣಿಸುತ್ತಿಲ್ಲ ಎಂಬಂಥ, ಹೇಳುವ ಅಗತ್ಯವೇ ಇಲ್ಲದ ವಿವರಗಳನ್ನು ಪದ್ಯ ಗಂಭೀರವಾಗಿ ಪಟ್ಟಿ ಮಾಡುತ್ತದೆ.

ಆ ತೀರದಲ್ಲಿ ವಾಲ್ರಸ್ ಮತ್ತು ಬಡಗಿ ಜೊತೆಯಾಗಿ ನಡೆಯುತ್ತಿರುತ್ತಾರೆ. ಅಷ್ಟೊಂದು ಮರಳನ್ನು ಕಂಡು ಅವರಿಗೆ ಅಳು ಬರುತ್ತದೆ. ಏಳು ಮಂದಿ ಕೆಲಸದ ಹೆಂಗಸರು ಏಳು ಒರೆಸುಬಟ್ಟೆಗಳಿಂದ ಆರು ತಿಂಗಳ ಕಾಲ ಗುಡಿಸಿದರೆ ಇದು ಸ್ವಚ್ಛವಾದೀತೇ ಎಂದು ವಾಲ್ರಸ್ ಕೇಳುತ್ತದೆ. ಬಡಗಿ ಅನುಮಾನ ವ್ಯಕ್ತಪಡಿಸಿ ಕಣ್ಣೀರು ಹಾಕುತ್ತಾನೆ.

ಬಳಿಕ ವಾಲ್ರಸ್ ಸಿಂಪಿಗಳನ್ನು ತಮ್ಮೊಡನೆ ವಿಹಾರಕ್ಕೆ ಬರುವಂತೆ ಕರೆಯುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಕೈ ಹಿಡಿಯಬೇಕಾದ್ದರಿಂದ ನಾಲ್ವರಿಗಿಂತ ಹೆಚ್ಚು ಬೇಡ ಎಂದೂ ಸೇರಿಸುತ್ತದೆ. ಎಲ್ಲಕ್ಕಿಂತ ಹಿರಿಯ ಸಿಂಪಿ ಮಾತಾಡುವುದಿಲ್ಲ. ಅದು ಕಣ್ಣು ಮಿಟುಕಿಸಿ, ಭಾರವಾದ ತಲೆಯನ್ನು ಅಲ್ಲಾಡಿಸಿ, ತಾನು ನೆಲೆ ಬಿಟ್ಟು ಕದಲುವುದಿಲ್ಲವೆಂದು ಸೂಚಿಸುತ್ತದೆ. ಎಳೆಯ ಸಿಂಪಿಗಳಾದರೋ ಮುಖ ತೊಳೆದು, ಅಂಗಿ ಝಾಡಿಸಿ, ಬೂಟುಗಳನ್ನು ಹೊಳೆಯಿಸಿಕೊಂಡು ಉತ್ಸಾಹದಿಂದ ಹೊರಡುತ್ತವೆ. ಅವುಗಳಿಗೆ ಕಾಲುಗಳೇ ಇಲ್ಲ ಎಂಬುದನ್ನೂ ಪದ್ಯ ನೆನಪಿಸುತ್ತದೆ. ಮೊದಲು ನಾಲ್ಕು, ಆಮೇಲೆ ಮತ್ತೆ ನಾಲ್ಕು, ಕೊನೆಗೆ ಎಣಿಕೆಗೆ ಸಿಗದಷ್ಟು ಸಿಂಪಿಗಳು ಅಲೆಗಳನ್ನು ಹಾರಿ ದಡ ಸೇರುತ್ತವೆ.

ಸುಮಾರು ಒಂದು ಮೈಲಿ ನಡೆದ ಮೇಲೆ ಎಲ್ಲರೂ ತಗ್ಗಾದ ಬಂಡೆಯೊಂದರ ಬಳಿ ನಿಲ್ಲುತ್ತಾರೆ. ಈಗ ಹರಟೆಗೆ ಸಮಯ ಬಂದಿದೆ ಎಂದು ವಾಲ್ರಸ್ ಘೋಷಿಸುತ್ತದೆ. ಪಾದರಕ್ಷೆ, ಹಡಗು, ಮುದ್ರೆಯ ಅರಗು, ಎಲೆಕೋಸು, ಅರಸರು, ಕಡಲೇಕೆ ಕುದಿಯುತ್ತದೆ, ಹಂದಿಗಳಿಗೆ ರೆಕ್ಕೆಗಳುಂಟೇ ಎಂಬ ವಿಷಯಗಳನ್ನು ಅದು ಮುಂದಿಡುತ್ತದೆ. ಸಿಂಪಿಗಳು ಮೈ ತುಂಬಿಕೊಂಡಿರುವುದರಿಂದ ಏದುಸಿರು ಬಿಡುತ್ತಿರುತ್ತವೆ. ಸ್ವಲ್ಪ ಕಾಯಬೇಕೆಂದು ಕೇಳುತ್ತವೆ. ಅವಸರವೇನೂ ಇಲ್ಲ ಎಂದು ಬಡಗಿ ಹೇಳಿದಾಗ ಅವು ಅವನಿಗೆ ಕೃತಜ್ಞತೆ ಸಲ್ಲಿಸುತ್ತವೆ.

ಆಗ ವಾಲ್ರಸ್ ಬ್ರೆಡ್ಡು, ಮೆಣಸಿನ ಪುಡಿ ಮತ್ತು ವಿನೆಗರ್ ಬೇಕೆನ್ನುತ್ತದೆ. ವಿಷಯ ಅರಿವಾದ ಸಿಂಪಿಗಳು ಹೆದರಿ ನೀಲಿಗಟ್ಟುತ್ತವೆ. ಇಷ್ಟು ಆದರ ತೋರಿದ ಮೇಲೆ ಹೀಗೆ ಮಾಡುವುದೇ ಎಂದು ಗೋಳಿಡುತ್ತವೆ. ವಾಲ್ರಸ್ ಮಾತು ಬದಲಿಸಿ ರಾತ್ರಿಯ ಸೊಬಗನ್ನು ಹೊಗಳುತ್ತದೆ. ಬಡಗಿಗೆ ಇನ್ನೊಂದು ಬ್ರೆಡ್ಡಿನ ಚೂರು ಮತ್ತು ಬೆಣ್ಣೆಯ ಚಿಂತೆ ಮಾತ್ರ. ಇಷ್ಟು ದೂರ ನಡೆಸಿಕೊಂಡು ಬಂದು ಇಂಥ ಮೋಸ ಮಾಡುವುದು ನಾಚಿಕೆಯ ಸಂಗತಿ ಎಂದು ವಾಲ್ರಸ್ ಮರುಗುತ್ತದೆ. ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡು ಬಿಕ್ಕಳಿಸುತ್ತಲೇ ದೊಡ್ಡ ಗಾತ್ರದ ಸಿಂಪಿಗಳನ್ನು ಆರಿಸಿಕೊಳ್ಳುತ್ತದೆ. ಕೊನೆಯಲ್ಲಿ ಬಡಗಿ, ವಿಹಾರ ಚೆನ್ನಾಗಿತ್ತು, ಇನ್ನು ಮನೆಗೆ ಹೊರಡೋಣವೇ ಎಂದು ಸಿಂಪಿಗಳನ್ನು ಕೇಳುತ್ತಾನೆ. ಉತ್ತರ ಬರುವುದಿಲ್ಲ. ಉತ್ತರ ಹೇಳಲು ಒಂದೂ ಉಳಿದಿರಲಿಲ್ಲ.

== ಛಂದಸ್ಸು ಮತ್ತು ರಚನೆ ==

ಪದ್ಯದಲ್ಲಿ ಆರು ಸಾಲುಗಳ 18 ಚರಣಗಳಿದ್ದು ಒಟ್ಟು 108 ಸಾಲುಗಳಿವೆ. ಪ್ರತಿ ಚರಣದಲ್ಲಿ ನಾಲ್ಕು ಒತ್ತುಗಳ ಸಾಲು ಮತ್ತು ಮೂರು ಒತ್ತುಗಳ ಸಾಲು ಒಂದಾದ ಮೇಲೊಂದು ಬರುತ್ತವೆ. ಎರಡು, ನಾಲ್ಕು ಮತ್ತು ಆರನೆಯ ಸಾಲುಗಳು ಅಂತ್ಯಪ್ರಾಸದಿಂದ ಕೂಡಿರುತ್ತವೆ. ಉಳಿದ ಸಾಲುಗಳಿಗೆ ಪ್ರಾಸದ ನಿಯಮವಿಲ್ಲ. ಇಂಗ್ಲಿಷಿನ ಜನಪದ ಲಾವಣಿಗಳಲ್ಲಿ ಬಳಕೆಯಲ್ಲಿದ್ದ ನಾಲ್ಕು ಸಾಲಿನ ಚರಣಕ್ಕೆ ಇನ್ನೆರಡು ಸಾಲು ಸೇರಿಸಿದ ರೂಪವಿದು. ಹೀಗಾಗಿ ಪದ್ಯಕ್ಕೆ ಕಥೆ ಹೇಳುವ ಓಟವೂ ಬಾಯಿಪಾಠಕ್ಕೆ ಒಗ್ಗುವ ಲಯವೂ ಒದಗಿವೆ. ಚರಣದ ಕೊನೆಯ ಎರಡು ಸಾಲುಗಳಲ್ಲಿ ಅನಿರೀಕ್ಷಿತವಾದ ಮಾತೊಂದನ್ನು ಇಟ್ಟು ನಗಿಸುವುದು ಇಲ್ಲಿ ಅನೇಕ ಬಾರಿ ಕಂಡುಬರುತ್ತದೆ.

ಥಾಮಸ್ ಹುಡ್ (1799–1845) ಅವರ ''ದಿ ಡ್ರೀಮ್ ಆಫ್ ಯೂಜೀನ್ ಆರಮ್'' ಎಂಬ ಪದ್ಯವೂ ಇದೇ ಛಂದಸ್ಸಿನಲ್ಲಿದೆ. ಕೊಲೆ ಮಾಡಿ ಪಶ್ಚಾತ್ತಾಪದಿಂದ ನರಳುವ ಶಾಲಾ ಉಪಾಧ್ಯಾಯನೊಬ್ಬನ ಕಥೆ ಅದು. ಈ ಹೋಲಿಕೆಯಿಂದಾಗಿ ಕ್ಯಾರಲ್ ಅವರ ಪದ್ಯವನ್ನು ಹುಡ್ ಅವರ ಪದ್ಯದ ಅಣಕವೆಂದು ಕೆಲವರು ಭಾವಿಸಿದ್ದಾರೆ. ತಮ್ಮ ಮನಸ್ಸಿನಲ್ಲಿ ನಿರ್ದಿಷ್ಟ ಪದ್ಯ ಯಾವುದೂ ಇರಲಿಲ್ಲ, ಈ ಛಂದಸ್ಸು ಸಾಮಾನ್ಯವಾಗಿ ಬಳಕೆಯಲ್ಲಿರುವಂಥದು ಎಂದು ಸ್ವತಃ ಕ್ಯಾರಲ್ ಅವರು ಪತ್ರವೊಂದರಲ್ಲಿ ಸ್ಪಷ್ಟಪಡಿಸಿದ್ದರು.

== ಹಾಸ್ಯದ ಸ್ವರೂಪ ==

ಪದ್ಯದ ಹಾಸ್ಯ ಮುಖ್ಯವಾಗಿ ನಾಲ್ಕು ಬಗೆಯದು.

'''ಅಸಾಧ್ಯವನ್ನು ಸಹಜವೆಂಬಂತೆ ಹೇಳುವುದು:''' ನಡುರಾತ್ರಿಯ ಸೂರ್ಯ, ಬೂಟು ತೊಟ್ಟ ಸಿಂಪಿ, ಕುದಿಯುವ ಕಡಲು ಮೊದಲಾದವುಗಳನ್ನು ನಿರೂಪಕ ಯಾವ ಅಚ್ಚರಿಯನ್ನೂ ತೋರದೆ ವರ್ಣಿಸುತ್ತಾನೆ. ಧ್ರುವ ಪ್ರದೇಶದಲ್ಲಿ ಬೇಸಗೆಯ ನಡುರಾತ್ರಿಯಲ್ಲಿ ಸೂರ್ಯ ಕಾಣಿಸುವುದು ನಿಜ. ವಾಲ್ರಸ್ ವಾಸಿಸುವುದೂ ಅಲ್ಲಿಯೇ. ಆದರೆ ಪದ್ಯದಲ್ಲಿ ಚಂದ್ರನ ಮುನಿಸಿನಿಂದಾಗಿ ಅದು ನಿಸರ್ಗದ ನಿಯಮವಾಗಿ ಅಲ್ಲ, ಸೂರ್ಯನ ಅಧಿಕಪ್ರಸಂಗವಾಗಿ ಕಾಣುತ್ತದೆ.

'''ತರ್ಕದ ಅಣಕ:''' ಮರಳು ಗುಡಿಸುವ ಪ್ರಶ್ನೆ ಶಾಲೆಯ ಅಂಕಗಣಿತದ ಕಾಲ ಮತ್ತು ಕೆಲಸದ ಲೆಕ್ಕವನ್ನು ಹೋಲುತ್ತದೆ. ಇಷ್ಟು ಜನ, ಇಷ್ಟು ಸಲಕರಣೆ, ಇಷ್ಟು ದಿನ ಎಂಬ ಸಂಖ್ಯೆಗಳೆಲ್ಲ ಅದರಲ್ಲಿವೆ. ಆದರೆ ಕಡಲ ತೀರದಿಂದ ಮರಳನ್ನು ತೆಗೆದುಹಾಕಬೇಕೆಂಬ ಆಸೆಯೇ ಅರ್ಥಹೀನ. ನಾಲ್ಕೇ ಸಿಂಪಿಗಳು ಸಾಕು ಎಂಬ ಮಾತಿಗೆ ಇಬ್ಬರಿಗೆ ಒಟ್ಟು ನಾಲ್ಕು ಕೈಗಳು ಎಂಬ ಲೆಕ್ಕ ಆಧಾರವಾಗಿದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದನ್ನು ಮೀರಿ ಸಿಂಪಿಗಳು ಬಂದಾಗ ವಾಲ್ರಸ್ ಆಗಲಿ ಬಡಗಿಯಾಗಲಿ ಆಕ್ಷೇಪಿಸುವುದಿಲ್ಲ. ಕೈ ಹಿಡಿದು ನಡೆಸುವ ಮಾತು ಒಂದು ನೆಪವಾಗಿತ್ತೆಂಬುದು ಇಲ್ಲಿಯೇ ಸೂಚಿತವಾಗುತ್ತದೆ.

'''ಪಟ್ಟಿಯ ಹಾಸ್ಯ:''' ವಾಲ್ರಸ್ ಹರಟೆಗೆಂದು ಮುಂದಿಡುವ ವಿಷಯಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಮೂಲದಲ್ಲಿ ಅವುಗಳನ್ನು ಜೋಡಿಸಿರುವುದು ಪದಗಳ ಆರಂಭದ ಧ್ವನಿಸಾಮ್ಯ ಮತ್ತು ಲಯ ಮಾತ್ರ. ಕಥೆಯ ದೃಷ್ಟಿಯಿಂದ ಈ ಪಟ್ಟಿಗೆ ಒಂದು ಕೆಲಸವಿದೆ. ಕೇಳುಗರ ಗಮನವನ್ನು ಊಟದ ಸಿದ್ಧತೆಯಿಂದ ಬೇರೆಡೆಗೆ ಸೆಳೆಯಲು ವಾಲ್ರಸ್ ಬಳಸುವ ಮಾತಿನ ಬಲೆ ಅದು.

'''ಶಿಷ್ಟಾಚಾರದ ಅಣಕ:''' ಆಮಂತ್ರಣ, ಕೃತಜ್ಞತೆ, ಕ್ಷಮೆ, ಹವೆಯ ಕುರಿತ ಮಾತು ಮುಂತಾದ ಮರ್ಯಾದೆಯ ನುಡಿಗಳು ಪದ್ಯದುದ್ದಕ್ಕೂ ಇವೆ. ತಮ್ಮನ್ನು ತಿನ್ನಲಿರುವವನಿಗೇ ಸಿಂಪಿಗಳು ಧನ್ಯವಾದ ಹೇಳುವುದು ಇದರ ಪರಾಕಾಷ್ಠೆ. ಮರ್ಯಾದೆಯ ಮಾತಿಗೂ ಒಳ್ಳೆಯ ನಡತೆಗೂ ನಡುವೆ ಇರಬಹುದಾದ ಅಂತರವನ್ನು ಪದ್ಯ ಹೀಗೆ ಬಯಲು ಮಾಡುತ್ತದೆ.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳ ಪದ್ಯವೆಂದರೆ ನೀತಿಪಾಠವೆಂಬ ಭಾವನೆ ಬಲವಾಗಿತ್ತು. ಐಸಾಕ್ ವಾಟ್ಸ್ ಅವರ ನೀತಿಪದ್ಯಗಳನ್ನು ಮಕ್ಕಳು ಬಾಯಿಪಾಠ ಮಾಡುವ ರೂಢಿಯಿತ್ತು. ಕ್ಯಾರಲ್ ಅವರು ಮೊದಲ ಪುಸ್ತಕದಲ್ಲಿಯೇ ವಾಟ್ಸ್ ಅವರ ಜೇನುನೊಣದ ಪದ್ಯವನ್ನು ಮೊಸಳೆಯ ಪದ್ಯವನ್ನಾಗಿ ಮಾರ್ಪಡಿಸಿ ಅಣಕಿಸಿದ್ದರು. ಮೀನುಗಳನ್ನು ನಗುಮುಖದಿಂದ ಬಾಯೊಳಗೆ ಬರಮಾಡಿಕೊಳ್ಳುವ ಆ ಮೊಸಳೆ ಒಂದು ಬಗೆಯಲ್ಲಿ ವಾಲ್ರಸ್‌ನ ಪೂರ್ವರೂಪ. ಪ್ರಸ್ತುತ ಪದ್ಯದ ಕೊನೆಯಲ್ಲಿಯೂ ಕೆಟ್ಟವರಿಗೆ ಶಿಕ್ಷೆಯಾಗುವುದಿಲ್ಲ, ನೀತಿವಾಕ್ಯವೂ ಇಲ್ಲ. ಕಥೆಯನ್ನು ತೂಗಿ ನೋಡುವ ಕೆಲಸ ಕೇಳಿದವರಿಗೆ ಬಿಟ್ಟದ್ದು.

== ಆಲಿಸ್ ಎದುರಿಸುವ ನೈತಿಕ ಪ್ರಶ್ನೆ ==

ಆ ಕೆಲಸವನ್ನು ಮೊದಲು ಮಾಡುವವಳು ಆಲಿಸ್. ಪದ್ಯ ಮುಗಿದ ಕೂಡಲೇ ಅವಳು ತನಗೆ ಇಬ್ಬರಲ್ಲಿ ವಾಲ್ರಸ್ ಮೇಲೆಂದು ತೋರುತ್ತದೆ ಎನ್ನುತ್ತಾಳೆ. ಏಕೆಂದರೆ ಅದಕ್ಕೆ ಸಿಂಪಿಗಳ ಬಗ್ಗೆ ಸ್ವಲ್ಪವಾದರೂ ಮರುಕವಿತ್ತು. ವಾಲ್ರಸ್ ಬಡಗಿಗಿಂತ ಹೆಚ್ಚು ತಿಂದಿತು ಎಂದು ಟ್ವೀಡಲ್‌ಡೀ ತಿಳಿಸುತ್ತಾನೆ. ತಾನು ಎಷ್ಟು ತಿಂದೆನೆಂಬುದು ಬಡಗಿಗೆ ಕಾಣದಿರಲೆಂದೇ ಅದು ಕರವಸ್ತ್ರವನ್ನು ಅಡ್ಡ ಹಿಡಿದಿತ್ತಂತೆ. ಹಾಗಾದರೆ, ಕಡಿಮೆ ತಿಂದಿದ್ದ ಪಕ್ಷದಲ್ಲಿ ಬಡಗಿಯೇ ಮೇಲು ಎಂದು ಆಲಿಸ್ ತೀರ್ಪು ಬದಲಿಸುತ್ತಾಳೆ. ಅವನೂ ತನಗೆ ಸಿಕ್ಕಷ್ಟನ್ನು ತಿಂದ ಎಂದು ಟ್ವೀಡಲ್‌ಡಮ್ ಹೇಳಿದಾಗ ಅವಳು ಪೇಚಿಗೆ ಸಿಲುಕುತ್ತಾಳೆ. ಕೊನೆಗೆ ಇಬ್ಬರೂ ಅಹಿತಕರ ವ್ಯಕ್ತಿಗಳೇ ಎಂಬ ನಿರ್ಣಯಕ್ಕೆ ಬರುತ್ತಾಳೆ.

ಚಿಕ್ಕದಾದ ಈ ಸಂಭಾಷಣೆ ನೀತಿಶಾಸ್ತ್ರದ ಹಳೆಯ ಸಮಸ್ಯೆಯೊಂದನ್ನು ಮಕ್ಕಳಿಗೆ ಅರ್ಥವಾಗುವಂತೆ ಮುಂದಿಡುತ್ತದೆ. ವ್ಯಕ್ತಿಯನ್ನು ಅಳೆಯಬೇಕಾದದ್ದು ಅವನ ಭಾವನೆಯಿಂದಲೋ, ಕೃತ್ಯದಿಂದಲೋ, ಉದ್ದೇಶದಿಂದಲೋ? ಮರುಗುತ್ತ ಹೆಚ್ಚು ತಿಂದವನು ಮತ್ತು ಮರುಗದೆ ಕಡಿಮೆ ತಿಂದವನು ಇವರಿಬ್ಬರಲ್ಲಿ ಯಾರು ವಾಸಿ? ಕಡಿಮೆ ತಿಂದವನು ಸಿಗಲಿಲ್ಲವೆಂಬ ಕಾರಣಕ್ಕೆ ಕಡಿಮೆ ತಿಂದಿದ್ದರೆ ಅದು ಅವನ ಗುಣವೆನಿಸುವುದೇ? ಆಲಿಸ್ ಪುಸ್ತಕಗಳಿಗೆ ವಿಸ್ತಾರವಾದ ಟಿಪ್ಪಣಿ ಬರೆದ ಮಾರ್ಟಿನ್ ಗಾರ್ಡ್‌ನರ್ ಅವರು ''ದಿ ಅನೊಟೇಟೆಡ್ ಆಲಿಸ್'' (1960) ಕೃತಿಯಲ್ಲಿ ಕೃತ್ಯ ಮತ್ತು ಉದ್ದೇಶಗಳ ನಡುವಣ ಈ ಇಕ್ಕಟ್ಟನ್ನು ಗುರುತಿಸಿದ್ದಾರೆ.

ಸಿಂಪಿಗಳ ಕಡೆಯಿಂದ ನೋಡಿದರೆ ಪದ್ಯದ ವಿಷಾದ ಇನ್ನಷ್ಟು ಸ್ಪಷ್ಟವಾಗುತ್ತದೆ. ಬಲಿಯಾಗುವವು ಎಳೆಯ ಸಿಂಪಿಗಳು. ಅವುಗಳ ತಪ್ಪೆಂದರೆ ಸವಿಮಾತನ್ನು ನಂಬಿದ್ದು ಮತ್ತು ಹೊಸದನ್ನು ನೋಡುವ ಉತ್ಸಾಹ ತೋರಿದ್ದು. ಅಪಾಯವನ್ನು ಅರಿತಿದ್ದ ಹಿರಿಯ ಸಿಂಪಿ ತನ್ನನ್ನು ಉಳಿಸಿಕೊಂಡಿತಾದರೂ ಎಳೆಯವುಗಳಿಗೆ ಬಾಯಿಬಿಟ್ಟು ಎಚ್ಚರಿಕೆ ಹೇಳಲಿಲ್ಲ. ಅಪರಿಚಿತರ ಪ್ರೀತಿಯ ಕರೆಗೆ ಮರುಳಾಗಬಾರದೆಂದು ಮಕ್ಕಳಿಗೆ ತಿಳಿಹೇಳುವ ಹಿರಿಯರಿಗೆ ಪದ್ಯದ ಈ ಮೌನ ಗಮನಾರ್ಹವಾಗಿದೆ.

== ಪದ್ಯದಲ್ಲಿನ ಕಡಲ ಜೀವಿಗಳು ==

=== ವಾಲ್ರಸ್ ===

ವಾಲ್ರಸ್ ಆರ್ಕ್ಟಿಕ್ ಸಾಗರ ಮತ್ತು ಅದಕ್ಕೆ ಹೊಂದಿದ ಕಡಲುಗಳಲ್ಲಿ ವಾಸಿಸುವ ಸಸ್ತನಿ. ಸೀಲ್ ಮತ್ತು ಕಡಲಸಿಂಹಗಳು ಇದರ ಹತ್ತಿರದ ಬಂಧುಗಳು. ಬೆಳೆದ ಗಂಡು ವಾಲ್ರಸ್ 1,000 ಕಿಲೋಗ್ರಾಂಗೂ ಹೆಚ್ಚು ತೂಗಬಲ್ಲದು. ಗಂಡು ಹೆಣ್ಣು ಎರಡಕ್ಕೂ ಉದ್ದನೆಯ ಕೋರೆಹಲ್ಲುಗಳಿರುತ್ತವೆ. ಮೂತಿಯ ಸುತ್ತಲಿನ ದಪ್ಪ ಮೀಸೆಗಳಿಂದ ಅದು ಕಡಲತಳವನ್ನು ತಡವಿ ಆಹಾರ ಹುಡುಕುತ್ತದೆ. ಎರಡು ಚಿಪ್ಪುಗಳ ಮೃದ್ವಂಗಿಗಳು ಅದರ ಮುಖ್ಯ ಆಹಾರ. ಚಿಪ್ಪನ್ನು ಜಗಿಯದೆ ಒಳಗಿನ ಮಾಂಸವನ್ನು ಬಲವಾಗಿ ಹೀರಿಕೊಳ್ಳುವುದು ಅದರ ಕ್ರಮ. ಆದ್ದರಿಂದ ಚಿಪ್ಪಿನ ಜೀವಿಗಳನ್ನು ಬಹುಸಂಖ್ಯೆಯಲ್ಲಿ ತಿನ್ನುವ ವಾಲ್ರಸ್‌ನ ಚಿತ್ರಣ ಜೀವಶಾಸ್ತ್ರಕ್ಕೆ ದೂರವಾದದ್ದಲ್ಲ.

=== ಸಿಂಪಿ ===

ಇಂಗ್ಲಿಷಿನಲ್ಲಿ ಆಯ್‌ಸ್ಟರ್ ಎಂದು ಕರೆಯುವ ಸಿಂಪಿ ಎರಡು ಚಿಪ್ಪುಗಳ ಮೃದ್ವಂಗಿ. ಮರಿಯಾಗಿದ್ದಾಗ ಅದು ನೀರಿನಲ್ಲಿ ತೇಲಾಡುತ್ತದೆ. ತಕ್ಕ ಜಾಗ ದೊರೆತಾಗ ಗಾರೆಯಂಥ ಪದಾರ್ಥವನ್ನು ಸ್ರವಿಸಿ ಬಂಡೆಗೋ ಬೇರೆ ಚಿಪ್ಪಿಗೋ ಅಂಟಿಕೊಳ್ಳುತ್ತದೆ. ಆ ಬಳಿಕ ಅದು ತಾನಾಗಿ ಸ್ಥಳ ಬದಲಿಸಲಾರದು. ನೆಲೆ ಬಿಟ್ಟು ಕದಲಲಾರೆನೆನ್ನುವ ಹಿರಿಯ ಸಿಂಪಿಯ ನಡೆ ನಿಸರ್ಗಕ್ಕೆ ಅನುಗುಣವಾಗಿದೆ. ಓಡಿ ಬರುವ ಎಳೆಯ ಸಿಂಪಿಗಳು ನಿಸರ್ಗದ ನಿಯಮವನ್ನೇ ಮೀರಿ ಅಪಾಯಕ್ಕೆ ಒಳಗಾಗುತ್ತವೆ.

19ನೆಯ ಶತಮಾನದ ಮೊದಲ ಭಾಗದಲ್ಲಿ ಲಂಡನ್ನಿನಲ್ಲಿ ಸಿಂಪಿ ಅಗ್ಗದ ಆಹಾರವಾಗಿತ್ತು. ಬಡತನವಿದ್ದಲ್ಲಿ ಸಿಂಪಿ ತಿನ್ನುವವರು ಹೆಚ್ಚು ಎಂಬ ಅರ್ಥದ ಮಾತೊಂದು ಚಾರ್ಲ್ಸ್ ಡಿಕನ್ಸ್ ಅವರ ''ಪಿಕ್‌ವಿಕ್ ಪೇಪರ್ಸ್'' (1836–37) ಕಾದಂಬರಿಯಲ್ಲಿ ಬರುತ್ತದೆ. ಮಿತಿಮೀರಿ ಹೆಕ್ಕಿದ್ದರಿಂದ ಸಿಂಪಿಯ ನೆಲೆಗಳು ಬರಿದಾಗುತ್ತ ಬಂದವು. ಶತಮಾನದ ಉತ್ತರಾರ್ಧದಲ್ಲಿ ಅವುಗಳ ಬೆಲೆ ಏರಿ, ಬಡವರ ತಿನಿಸು ಉಳ್ಳವರ ಭಕ್ಷ್ಯವಾಯಿತು. ಹಸಿ ಸಿಂಪಿಗೆ ಮೆಣಸು ಮತ್ತು ವಿನೆಗರ್ ಹಾಕಿ, ಬೆಣ್ಣೆ ಹಚ್ಚಿದ ಬ್ರೆಡ್ಡಿನೊಡನೆ ತಿನ್ನುವುದು ಅಂದಿನ ಪದ್ಧತಿ. ಹೀಗಾಗಿ ಬ್ರೆಡ್ಡು, ಮೆಣಸು, ವಿನೆಗರ್ ಎಂಬ ಹೆಸರುಗಳು ಕಿವಿಗೆ ಬಿದ್ದೊಡನೆ ಮುಂದೇನಾಗುವುದೆಂದು ಅಂದಿನ ಮಕ್ಕಳಿಗೆ ಥಟ್ಟನೆ ಹೊಳೆಯುತ್ತಿತ್ತು.

== ಚಿತ್ರಗಳು ಮತ್ತು ಬಡಗಿಯ ಆಯ್ಕೆ ==

ಪುಸ್ತಕದ ಚಿತ್ರಗಳನ್ನು ರಚಿಸಿದವರು ''ಪಂಚ್'' ಪತ್ರಿಕೆಯ ವ್ಯಂಗ್ಯಚಿತ್ರಕಾರ ಜಾನ್ ಟೆನಿಯಲ್ (1820–1914). ಅವರ ಚಿತ್ರದಲ್ಲಿ ವಾಲ್ರಸ್ ಕೋಟು ತೊಟ್ಟ ಶ್ರೀಮಂತನಂತೆಯೂ ಬಡಗಿಯು ಕಾಗದವನ್ನು ಮಡಚಿ ಮಾಡಿದ ಪೆಟ್ಟಿಗೆಯಾಕಾರದ ಟೊಪ್ಪಿ ಧರಿಸಿದವನಂತೆಯೂ ಕಾಣಿಸುತ್ತಾರೆ. ಅಂಥ ಕಾಗದದ ಟೊಪ್ಪಿ ಆ ಕಾಲದ ಬಡಗಿಗಳ ಉಡುಗೆಯ ಭಾಗವಾಗಿತ್ತು.

ವಾಲ್ರಸ್‌ನ ಸಂಗಾತಿ ಬಡಗಿಯೇ ಆಗಬೇಕೆಂಬ ಹಟ ಕ್ಯಾರಲ್ ಅವರಿಗಿರಲಿಲ್ಲ. ಬಡಗಿ, ಚಿಟ್ಟೆ, ಬ್ಯಾರನೆಟ್ ಎಂಬ ಬಿರುದುಳ್ಳ ಕುಲೀನ ಈ ಮೂವರಲ್ಲಿ ಯಾರನ್ನು ಬೇಕಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅವರು ಟೆನಿಯಲ್ ಅವರಿಗೆ ನೀಡಿದ್ದರು. ಇಂಗ್ಲಿಷಿನಲ್ಲಿ ಈ ಮೂರೂ ಪದಗಳು ಮೂರು ಉಚ್ಚಾರಾಂಶಗಳಿಂದ ಕೂಡಿ, ಮೊದಲನೆಯದರ ಮೇಲೆ ಒತ್ತು ಪಡೆಯುತ್ತವೆ. ಆದ್ದರಿಂದ ಯಾವುದನ್ನು ಹಾಕಿದರೂ ಛಂದಸ್ಸು ಕೆಡುವುದಿಲ್ಲ. ಚಿತ್ರಕಾರ ಬಡಗಿಯನ್ನು ಆರಿಸಿದರು.

== ರಂಗರೂಪ ಮತ್ತು ಹೊಸ ಮುಕ್ತಾಯ ==

ಹೆನ್ರಿ ಸಾವಿಲ್ ಕ್ಲಾರ್ಕ್ ಅವರು ಎರಡೂ ಆಲಿಸ್ ಪುಸ್ತಕಗಳನ್ನು ಆಧರಿಸಿ ಸಂಗೀತ ನಾಟಕವೊಂದನ್ನು ರಚಿಸಿದರು. ವಾಲ್ಟರ್ ಸ್ಲಾಟರ್ ಅವರ ಸಂಗೀತದೊಂದಿಗೆ ಅದು 1886ರ ಡಿಸೆಂಬರಿನಲ್ಲಿ ಲಂಡನ್ನಿನ ಪ್ರಿನ್ಸ್ ಆಫ್ ವೇಲ್ಸ್ ರಂಗಮಂದಿರದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾಯಿತು. ರಂಗದ ಮೇಲೆ ಈ ದೃಶ್ಯದ ಮುಕ್ತಾಯ ಸಪ್ಪೆಯಾಗಿದೆ ಎಂದು ಕ್ಯಾರಲ್ ಅವರಿಗೆ ಅನಿಸಿತು. ಅದಕ್ಕಾಗಿ ಅವರು ಹೊಸ ಪದ್ಯಭಾಗವನ್ನು ಬರೆದುಕೊಟ್ಟರು. ಅದರಲ್ಲಿ ತಿನ್ನಲ್ಪಟ್ಟ ಸಿಂಪಿಗಳ ಭೂತಗಳು ಬಂದು, ಊಟ ಮಾಡಿ ನಿದ್ರಿಸುತ್ತಿರುವ ವಾಲ್ರಸ್ ಮತ್ತು ಬಡಗಿಯ ಎದೆಯ ಮೇಲೆ ಕುಣಿದು ಸೇಡು ತೀರಿಸಿಕೊಳ್ಳುತ್ತವೆ. ಪುಸ್ತಕದಲ್ಲಿ ದೊರೆಯದ ನ್ಯಾಯ ರಂಗದ ಮೇಲೆ ಹೀಗೆ ನಗೆಯ ರೂಪದಲ್ಲಿ ದೊರೆಯಿತು. ಆದರೂ ಪುಸ್ತಕದ ಮುದ್ರಣಗಳಲ್ಲಿ ಮೂಲದ ಮುಕ್ತಾಯವೇ ಉಳಿದುಬಂದಿದೆ.

== ವ್ಯಾಖ್ಯಾನಗಳು ==

ಪದ್ಯದ ಪಾತ್ರಗಳನ್ನು ಸಂಕೇತಗಳೆಂದು ಭಾವಿಸಿ ಅನೇಕರು ಅರ್ಥ ಹೇಳಿದ್ದಾರೆ. ಬಡಗಿಯು ಏಸುಕ್ರಿಸ್ತನನ್ನು ಸೂಚಿಸುತ್ತಾನೆಂಬುದು ಅವುಗಳಲ್ಲೊಂದು. 1999ರ ''ಡಾಗ್ಮಾ'' ಚಲನಚಿತ್ರದ ಪಾತ್ರವೊಂದು ಪದ್ಯವನ್ನು ಧಾರ್ಮಿಕ ಸಂಕೇತವಾಗಿ ವಿವರಿಸುತ್ತದೆ. ಬಡಗಿಯ ಬದಲು ಚಿಟ್ಟೆಯೂ ಬರಬಹುದಾಗಿತ್ತು ಎಂಬ ಸಂಗತಿಯು ಇಂಥ ವಿವರಣೆಗಳ ಬುಡವನ್ನೇ ಸಡಿಲಿಸುತ್ತದೆ. ಲೇಖಕ ಜೆ. ಬಿ. ಪ್ರೀಸ್ಟ್‌ಲಿ ಅವರು ಪ್ರಬಂಧವೊಂದರಲ್ಲಿ ವಾಲ್ರಸ್ ಮತ್ತು ಬಡಗಿಯನ್ನು ಎರಡು ಬಗೆಯ ರಾಜಕಾರಣಿಗಳ ಮಾದರಿಗಳಾಗಿ ಕಂಡಿದ್ದಾರೆ. ಇದನ್ನು ಲೇಖಕರ ಉದ್ದೇಶವೆಂದು ತಿಳಿಯಬೇಕಿಲ್ಲ. ಆದರೆ ಜನರ ಕಷ್ಟಕ್ಕೆ ಕಣ್ಣೀರು ಸುರಿಸುತ್ತಲೇ ತನ್ನ ಪಾಲನ್ನು ತೆಗೆದುಕೊಳ್ಳುವವನು ಮತ್ತು ಕಣ್ಣೀರಿನ ಗೊಡವೆಯೇ ಇಲ್ಲದೆ ತಿನ್ನುವವನು ಎಂಬ ಭೇದವು ಯಾವ ಕಾಲಕ್ಕೂ ಅನ್ವಯಿಸಬಲ್ಲದು.

== ನಂತರದ ಪ್ರಭಾವ ==

* ಅಮೆರಿಕದ ಕಥೆಗಾರ ಒ. ಹೆನ್ರಿ ಅವರು 1904ರ ತಮ್ಮ ಕೃತಿಗೆ ''ಕ್ಯಾಬೇಜಸ್ ಅಂಡ್ ಕಿಂಗ್ಸ್'' ಎಂಬ ಹೆಸರನ್ನು ಈ ಪದ್ಯದಿಂದ ಪಡೆದರು. ‘ಬನಾನಾ ರಿಪಬ್ಲಿಕ್’ ಎಂಬ ಪದಗುಚ್ಛ ಬಳಕೆಗೆ ಬಂದದ್ದು ಆ ಕೃತಿಯಿಂದ.
* 1933ರ ಪ್ಯಾರಮೌಂಟ್ ಸಂಸ್ಥೆಯ ''ಆಲಿಸ್ ಇನ್ ವಂಡರ್‌ಲ್ಯಾಂಡ್'' ಚಲನಚಿತ್ರದಲ್ಲಿ ಈ ಪದ್ಯದ ಭಾಗವನ್ನು ಅನಿಮೇಷನ್ ರೂಪದಲ್ಲಿ ತೋರಿಸಲಾಗಿದೆ.
* 1951ರ ಡಿಸ್ನಿ ಚಲನಚಿತ್ರದಲ್ಲಿ ಕಥೆ ಸ್ವಲ್ಪ ಬದಲಾಗಿದೆ. ಅಲ್ಲಿ ವಾಲ್ರಸ್ ಒಂದೇ ಎಲ್ಲ ಸಿಂಪಿಗಳನ್ನು ತಿಂದು ಮುಗಿಸುತ್ತದೆ. ಮೋಸಹೋದ ಬಡಗಿ ಅದನ್ನು ಅಟ್ಟಿಸಿಕೊಂಡು ಹೋಗುತ್ತಾನೆ.
* ಬೀಟಲ್ಸ್ ತಂಡದ ''ಐ ಆಮ್ ದಿ ವಾಲ್ರಸ್'' (1967) ಹಾಡಿಗೆ ಈ ಪದ್ಯವೇ ಪ್ರೇರಣೆ. ಪದ್ಯದಲ್ಲಿ ವಾಲ್ರಸ್ ಖಳಪಾತ್ರವೆಂಬುದು ತಮಗೆ ತಡವಾಗಿ ತಿಳಿಯಿತೆಂದು ಹಾಡಿನ ಕರ್ತೃ ಜಾನ್ ಲೆನನ್ ಮುಂದೆ ಸಂದರ್ಶನವೊಂದರಲ್ಲಿ ಹೇಳಿದ್ದಾರೆ.

== ಭಾರತೀಯ ಕಥೆಗಳೊಂದಿಗೆ ಹೋಲಿಕೆ ಮತ್ತು ಅನುವಾದದ ಸಮಸ್ಯೆಗಳು ==

ಪಂಚತಂತ್ರದಲ್ಲಿ ಬರುವ ಬಕ ಮತ್ತು ಏಡಿಯ ಕಥೆ ಈ ಪದ್ಯದೊಡನೆ ಹೋಲಿಸಲು ತಕ್ಕದ್ದು. ಮುದಿ ಬಕವೊಂದು ಕೆರೆ ಬತ್ತಲಿದೆಯೆಂದು ಮೀನುಗಳನ್ನು ನಂಬಿಸಿ, ಬೇರೆ ಕೆರೆಗೆ ಸಾಗಿಸುವ ನೆಪದಲ್ಲಿ ಒಂದೊಂದನ್ನೇ ಒಯ್ದು ತಿನ್ನುತ್ತದೆ. ಎರಡರಲ್ಲಿಯೂ ಹಿತೈಷಿಯಂತೆ ನಟಿಸುವ ಬಲಶಾಲಿ ಇದ್ದಾನೆ, ನಂಬಿ ಕೆಡುವ ಜಲಚರಗಳಿವೆ. ಆದರೆ ಪಂಚತಂತ್ರದಲ್ಲಿ ಏಡಿಯು ಬಕದ ಕತ್ತನ್ನು ಕತ್ತರಿಸಿ ನ್ಯಾಯ ಒದಗಿಸುತ್ತದೆ. ಕ್ಯಾರಲ್ ಅವರ ಪದ್ಯದಲ್ಲಿ ಏಡಿಯ ಪಾತ್ರ ವಹಿಸುವವರು ಯಾರೂ ಇಲ್ಲ. ಒಂದು ಕಥೆ ಇನ್ನೊಂದರಿಂದ ಹುಟ್ಟಿತೆಂದು ಇದರ ಅರ್ಥವಲ್ಲ. ಕನ್ನಡದ ‘ಬಕಧ್ಯಾನ’ ಮತ್ತು ‘ಮೊಸಳೆ ಕಣ್ಣೀರು’ ಎಂಬ ನುಡಿಗಟ್ಟುಗಳು ವಾಲ್ರಸ್‌ನ ವರ್ತನೆಗೆ ಚೆನ್ನಾಗಿ ಒಪ್ಪುತ್ತವೆ.

ಆಲಿಸ್ ಪುಸ್ತಕಗಳ ಪೈಕಿ ಮೊದಲನೆಯದನ್ನು ನಾ. ಕಸ್ತೂರಿ ಅವರು ''ಪಾತಾಳದಲ್ಲಿ ಪಾಪಚ್ಚಿ'' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಅಳವಡಿಸಿದ್ದಾರೆ. ‘ವಾಲ್ರಸ್ ಮತ್ತು ಬಡಗಿ’ ಎರಡನೆಯ ಪುಸ್ತಕಕ್ಕೆ ಸೇರಿದ ಪದ್ಯ. ಇದನ್ನು ಕನ್ನಡಕ್ಕೆ ತರುವವರು ಕೆಲವು ತೊಡಕುಗಳನ್ನು ಎದುರಿಸಬೇಕಾಗುತ್ತದೆ. ಮೊದಲನೆಯದಾಗಿ, ಒತ್ತುಗಳನ್ನು ಆಧರಿಸಿದ ಇಂಗ್ಲಿಷ್ ಲಯಕ್ಕೆ ಪ್ರತಿಯಾಗಿ ಕನ್ನಡದಲ್ಲಿ ಮಾತ್ರೆಗಳ ಲಯವನ್ನು ಹುಡುಕಬೇಕು. ಎರಡನೆಯದಾಗಿ, ಹರಟೆಯ ಪಟ್ಟಿಯನ್ನು ಪದಶಃ ಅನುವಾದಿಸಿದರೆ ಧ್ವನಿಸಾಮ್ಯ ಅಳಿದುಹೋಗಿ ಬರಿಯ ವಸ್ತುಗಳ ಯಾದಿ ಉಳಿಯುತ್ತದೆ. ಧ್ವನಿಸಾಮ್ಯವನ್ನು ಉಳಿಸಿಕೊಳ್ಳಲು ವಸ್ತುಗಳನ್ನೇ ಬದಲಿಸಬೇಕಾಗುತ್ತದೆ. ಮೂರನೆಯದಾಗಿ, ಇಂಗ್ಲಿಷಿನಲ್ಲಿ ಸಿಂಪಿಗಳ ನೆಲೆಗೂ ಮಲಗುವ ಹಾಸಿಗೆಗೂ ಒಂದೇ ಪದವಿದೆ. ಹಿರಿಯ ಸಿಂಪಿ ಹೊರಡಲು ಒಪ್ಪದಿರುವಾಗ, ಹಾಸಿಗೆ ಬಿಟ್ಟು ಏಳಲೊಲ್ಲದ ಮುದುಕನ ಚಿತ್ರವೂ ಅಲ್ಲಿ ಮೂಡುತ್ತದೆ. ಕನ್ನಡದಲ್ಲಿ ಈ ಎರಡು ಅರ್ಥಗಳನ್ನು ಒಂದೇ ಪದದಲ್ಲಿ ಹಿಡಿಯುವುದು ಕಷ್ಟ.

== ಕ್ಯಾರಲ್ ಅವರ ಇತರ ಕಡಲ ಪದ್ಯ ==

''ಆಲಿಸ್ ಇನ್ ವಂಡರ್‌ಲ್ಯಾಂಡ್'' ಪುಸ್ತಕದಲ್ಲಿಯೂ ಕಡಲ ಜೀವಿಗಳ ಹಾಸ್ಯಪದ್ಯವೊಂದಿದೆ. ''ದಿ ಲಾಬ್‌ಸ್ಟರ್ ಕ್ವಾಡ್ರಿಲ್'' ಎಂದು ಪ್ರಸಿದ್ಧವಾದ ಅದರಲ್ಲಿ ವೈಟಿಂಗ್ ಎಂಬ ಮೀನು ಬಸವನಹುಳುವನ್ನು ಕಡಲ ತೀರದ ಕುಣಿತಕ್ಕೆ ಕರೆಯುತ್ತದೆ. ಅದು ಮೇರಿ ಹೋವಿಟ್ ಅವರ ''ದಿ ಸ್ಪೈಡರ್ ಅಂಡ್ ದಿ ಫ್ಲೈ'' ಎಂಬ ನೀತಿಪದ್ಯದ ಅಣಕ. ಜೇಡವು ಸವಿಮಾತಿನಿಂದ ನೊಣವನ್ನು ಮನೆಗೆ ಕರೆದು ತಿನ್ನುವುದು ಹೋವಿಟ್ ಅವರ ಪದ್ಯದ ವಸ್ತು. ಆ ಅಣಕದಲ್ಲಿ ಕರೆ ಮಾತ್ರ ಉಳಿದು ಕೊಲೆ ಬಿಟ್ಟುಹೋಗಿದೆ. ‘ವಾಲ್ರಸ್ ಮತ್ತು ಬಡಗಿ’ಯಲ್ಲಿ ಕರೆಯೂ ಕೊಲೆಯೂ ಉಳಿದು, ನೀತಿವಾಕ್ಯ ಬಿಟ್ಟುಹೋಗಿದೆ.

== ಇವನ್ನೂ ನೋಡಿ ==

* ಲೂಯಿಸ್ ಕ್ಯಾರಲ್
* ಜಾನ್ ಟೆನಿಯಲ್
* ವಾಲ್ರಸ್
* ಮೃದ್ವಂಗಿಗಳು
* ಪಂಚತಂತ್ರ
* ಶಿಶುಸಾಹಿತ್ಯ